ಬಾಲ್ಕನಿಗೆ ಡೆಕ್ ಹಾಕಿಸ್ತೀರಾ? ಮೊದಲು ನೀರಿನ ದಾರಿ ನೋಡಿ

ಗೃಹಪ್ರವೇಶ ಮುಗೀತು, ಅಡುಗೆಮನೆಗೆ ಕಬೋರ್ಡ್ ಆಯ್ತು, ಕರ್ಟನ್ನೂ ಬಂತು. ಉಳಿದದ್ದು ಬಾಲ್ಕನಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಎದುರು ಮನೆಯವರು ಮರದ ಹಲಗೆಯಂಥದ್ದನ್ನು ಹಾಸಿ, ಮೂಲೆಗೊಂದು ಬೆತ್ತದ ಕುರ್ಚಿ ಇಟ್ಟು, ನಾಲ್ಕು ಕುಂಡ ಜೋಡಿಸಿದ್ದು ಕಂಡ ಮೇಲೆ ನಮ್ಮ ಟೈಲ್ಸ್ ನೆಲ ಯಾಕೋ ಸಪ್ಪೆ ಅನ್ನಿಸೋದು ಸಹಜ. ಅದು ಪೂರ್ತಿ ಮರವೂ ಅಲ್ಲ, ಪೂರ್ತಿ ಪ್ಲಾಸ್ಟಿಕ್ಕೂ ಅಲ್ಲ. ಮರದ ಪುಡಿಯನ್ನು ಪ್ಲಾಸ್ಟಿಕ್ ಜೊತೆ ಬಿಸಿ ಮಾಡಿ ಕಲಸಿ, ಚಕ್ಕುಲಿ ಒರಳಿನಲ್ಲಿ ಒತ್ತಿದ ಹಾಗೆ ಅಚ್ಚಿನಿಂದ ಒತ್ತಿ ತೆಗೆದ ಹಲಗೆ. ಅಂಗಡಿಯಲ್ಲಿ ‘ಡಬ್ಲ್ಯುಪಿಸಿ ಡೆಕ್ಕಿಂಗ್’ ಅಂತ ಕೇಳಿದರೆ ತೋರಿಸ್ತಾರೆ.

ಗೆದ್ದಲಿನ ಕಾಟ ಕಡಿಮೆ, ವರ್ಷವರ್ಷ ಎಣ್ಣೆ-ಪಾಲಿಶ್ ಬೇಡ, ಒರೆಸಿದರೆ ಸಾಕು ಅಂತಾರೆ. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಬಣ್ಣದ ಕಾರ್ಡ್ ಕೈಗೆ ಕೊಟ್ಟು ‘ವಾಲ್‌ನಟ್ ಬೇಕಾ, ಟೀಕ್ ಬೇಕಾ’ ಅಂತ ಕೇಳುವವರು ಬಾಲ್ಕನಿಯ ನೀರು ಯಾವ ಕಡೆ ಹರಿಯುತ್ತೆ ಅಂತ ಕೇಳೋದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು. ಯಾಕೆಂದರೆ ಕೆಟ್ಟ ಬಣ್ಣ ನಮ್ಮ ಕಣ್ಣಿಗಷ್ಟೇ ಬೇಜಾರು, ನಿಂತ ನೀರು ಕೆಳಗಿನ ಮನೆಯವರ ಸೀಲಿಂಗಿಗೂ ಬೇಜಾರು!

ಕ್ಯಾಟಲಾಗಿನ ಊರೇ ಬೇರೆ

ಈ ಹಲಗೆ ಮನೆಮಾತಾದದ್ದು 1990ರ ದಶಕದ ಅಮೆರಿಕದಲ್ಲಿ. ಹಳೇ ಪ್ಲಾಸ್ಟಿಕ್ ಚೀಲ ಮತ್ತು ಮರದ ಹೊಟ್ಟಿನಿಂದ ಡೆಕ್ ಹಲಗೆ ಮಾಡುವ ಟ್ರೆಕ್ಸ್ ಕಂಪನಿ ಶುರುವಾದದ್ದು 1996ರಲ್ಲಿ. ಅಲ್ಲಿನವರು ಹಿತ್ತಲಿನಲ್ಲಿ ಕಂಬ ನೆಟ್ಟು ನೆಲದಿಂದ ಎತ್ತರಕ್ಕೆ ಡೆಕ್ ಕಟ್ಟುತ್ತಾರೆ. ಸಂದಿನಲ್ಲಿ ಇಳಿದ ನೀರು ಸೀದಾ ಮಣ್ಣಿಗೆ. ಕೆಳಗೆ ಗಾಳಿ ಧಾರಾಳ. ನಿಮ್ಮ ನಾದಿನಿಯೋ ತಂಗಿಯೋ ಸಿಯಾಟಲ್‌ನಲ್ಲಿದ್ದು ವಾಟ್ಸಾಪ್‌ನಲ್ಲಿ ಡೆಕ್ ಫೋಟೋ ಕಳಿಸಿದರೆ, ಅದು ಇಂಥದ್ದೇ ಇರುತ್ತೆ.

ಸಿಯಾಟಲ್‌ನದ್ದು ಚಳಿ, ತೇವದ ಕಡಲ ಹವೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 950ರಿಂದ 1000 ಮಿಲಿಮೀಟರ್ ಆಸುಪಾಸು. ಬೆಂಗಳೂರಿನ ಮಳೆಯೂ ಹೆಚ್ಚುಕಡಿಮೆ ಅಷ್ಟೇ! ಆದರೆ ಅಲ್ಲಿ ಸುಮಾರು 150 ದಿನ ಸೋನೆಯಾಗಿ, ಮುಖ್ಯವಾಗಿ ಚಳಿಗಾಲದಲ್ಲಿ ಬೀಳುವ ನೀರು ಇಲ್ಲಿ ಸುಮಾರು 60 ದಿನಗಳಲ್ಲಿ ಧೋ ಅಂತ ಸುರಿದು ಹೋಗುತ್ತೆ. ಮೇ ತಿಂಗಳ ಆಲಿಕಲ್ಲು ಮಳೆ, ಸೆಪ್ಟೆಂಬರ್-ಅಕ್ಟೋಬರಿನ ರಾತ್ರಿ ಮಳೆ ನಿಮಗೆ ಗೊತ್ತೇ ಇದೆ. ಮಾರನೇ ದಿನ ಮತ್ತೆ ಬಿಸಿಲು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಾದ್ದರಿಂದ ನಮ್ಮ ಬಿಸಿಲು ತಂಪು ಅನ್ನಿಸಿದರೂ ಬಣ್ಣ ಹೀರುವುದರಲ್ಲಿ ಚುರುಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿಗೆ ಹೋಗಿತ್ತು. ಹಾಗಾಗಿ ಚಳಿದೇಶದಲ್ಲಿ ಪಾಸಾದ ಹಲಗೆಗೆ ಇಲ್ಲಿ ಬೇರೆಯೇ ಪರೀಕ್ಷೆ.

ಎರಡು ಬಕೆಟ್ ನೀರು ಸುರಿಯಿರಿ

ನಮ್ಮ ಬಾಲ್ಕನಿಯಲ್ಲಿ ಹಲಗೆಯ ಕೆಳಗೆ ಇರೋದು ಮಣ್ಣಲ್ಲ, ಸ್ಲ್ಯಾಬು. ಅದರ ಮೇಲೆ ಟೈಲ್ಸು, ಮೂಲೆಯಲ್ಲೊಂದು ಜಾಲರಿ. ಡೆಕ್ ಮಾಡೋ ಹುಡುಗರು ಬರುವ ಮೊದಲೇ ಒಂದು ಭಾನುವಾರ ಜಾಲರಿಯಿಂದ ದೂರದ ತುದಿಯಲ್ಲಿ ಎರಡು ಬಕೆಟ್ ನೀರು ಸುರಿದು ನೋಡಿ. ಗಾರೆಯವರು ‘ವಾಟ’ ಅಂತಾರಲ್ಲ, ಆ ಇಳಿಜಾರು ಸರಿಯಾಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ನೀರು ಜಾಲರಿ ಸೇರಬೇಕು. ಅರ್ಧ ಗಂಟೆಯಾದರೂ ಎಲ್ಲೋ ಒಂದು ಕಡೆ ತಟ್ಟೆಯಗಲ ನಿಂತಿದೆಯಾ? ಡೆಕ್ ಹಾಕಿದ ಮೇಲೂ ಅಲ್ಲೇ ನಿಲ್ಲುತ್ತೆ, ಕಣ್ಣಿಗೆ ಕಾಣೋದಿಲ್ಲ ಅಷ್ಟೆ. ಸೊಳ್ಳೆಗಂತೂ ಕಾಣುತ್ತೆ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡೋದು ಇಂಥ ಸ್ವಚ್ಛ ನಿಂತ ನೀರಲ್ಲೇ. ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ಬಿಡಬೇಡಿ.

ಇನ್ನೊಂದು ಪರೀಕ್ಷೆ ಸ್ವಲ್ಪ ರೇಜಿಗೆಯದು, ಆದರೂ ಮಾಡಿಸಿ. ಜಾಲರಿಗೆ ಬಟ್ಟೆ ತುರುಕಿ, ಬಾಗಿಲ ಹತ್ತಿರ ಅಡ್ಡ ಕಟ್ಟಿ, ಒಂದೆರಡು ಇಂಚು ನೀರು ನಿಲ್ಲಿಸಿ, 24ರಿಂದ 48 ಗಂಟೆ ಬಿಡಿ. ಆಮೇಲೆ ಕೆಳಗಿನ ಮನೆಯವರನ್ನು ‘ಆಂಟಿ, ನಿಮ್ಮ ಸೀಲಿಂಗ್ ಒಂದ್ಸಲ ನೋಡ್ತೀರಾ’ ಅಂತ ಕೇಳಿ. ತೇವ ಕಂಡರೆ ಮೊದಲು ವಾಟರ್‌ಪ್ರೂಫಿಂಗ್, ಡೆಕ್ ಆಮೇಲೆ. ಡೆಕ್ ಹಾಕಿಸಿದ ಮೇಲೆ ಸೋರಿದರೆ ಹಲಗೆಯೆಲ್ಲ ಕಿತ್ತು, ಟೈಲ್ಸ್ ಒಡೆದು, ಮತ್ತೆ ಹಾಕಬೇಕು. ಜಗಳ ಬೇರೆ. ಅಂದಹಾಗೆ, ರೀಪರು ಕೂರಿಸಲು ಟೈಲ್ಸಿಗೆ ಡ್ರಿಲ್ ಹಾಕಿ ತೂತು ಮಾಡಲು ಹೊರಟರೆ ಅಲ್ಲೇ ತಡೆಯಿರಿ. ಆ ತೂತು ವಾಟರ್‌ಪ್ರೂಫ್ ಪದರವನ್ನೂ ದಾಟಿ ಹೋಗಬಹುದು. ಪುಟ್ಟ ಬಾಲ್ಕನಿಯಲ್ಲಿ ರೀಪರುಗಳನ್ನು ಒಂದಕ್ಕೊಂದು ಜೋಡಿಸಿ ಚೌಕಟ್ಟಿನ ಹಾಗೆ ಬಿಡಿಯಾಗಿ ಕೂರಿಸಬಹುದು. ರೀಪರು ನೀರು ಹರಿಯುವ ದಿಕ್ಕಿನಲ್ಲೇ ಇರಲಿ, ಅಡ್ಡ ಹಾಕಿದರೆ ಒಂದೊಂದೂ ಒಂದೊಂದು ಅಣೆಕಟ್ಟೆ!

ಜಾಲರಿಯ ಮೇಲಿನ ಹಲಗೆ ಮಾತ್ರ ಕೈಯಿಂದ ಎತ್ತಿ ತೆಗೆಯುವ ಹಾಗಿರಬೇಕು. ಇದನ್ನು ಆರ್ಡರ್ ಕೊಡುವಾಗಲೇ ಹೇಳಿ, ಬಿಲ್ಲಿನ ಮೇಲೆ ಬರೆಸಿ. ಬೇವಿನ ಎಲೆ, ಪಾರಿವಾಳದ ಪುಕ್ಕ, ಬಟ್ಟೆ ಕ್ಲಿಪ್ಪು ಎಲ್ಲ ಅಲ್ಲಿಗೇ ಬಂದು ಸೇರೋದು.

ವಿಲ್ಲಾ ಇರುವವರು ತೋಟದಲ್ಲಿ ಹಾಸುವುದಾದರೆ ಹಸಿ ಮಣ್ಣಿನ ಮೇಲೆ ರೀಪರು ಕೂರಿಸಬೇಡಿ. ಕೆಳಗೆ ಕಾಂಕ್ರೀಟ್ ಪಟ್ಟಿ ಇರಲಿ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ, ಬೆಳ್ಳಂದೂರು ಕಡೆಯ ಲೇಔಟುಗಳಿಗೆ ನೀರು ನುಗ್ಗಿದ್ದು ನೆನಪಿದೆಯಲ್ಲ? ತಗ್ಗಿನ ಜಾಗವಾದರೆ ಹಲಗೆ ಬಿಚ್ಚಿ ಕೆಸರು ತೊಳೆಯುವಂತೆ ಕ್ಲಿಪ್ಪಿನಲ್ಲಿ ಕೂರಿಸಿದ್ದೇ ವಾಸಿ.

ನೆಲ ಏರಿದರೆ ಕಂಬಿ ಇಳಿಯುತ್ತೆ

ರೀಪರು, ಹಲಗೆ ಸೇರಿ ಎರಡು-ಮೂರು ಇಂಚು ನೆಲ ಮೇಲೆ ಬರುತ್ತೆ. ಅಷ್ಟೇ ಇಂಚು ನಿಮ್ಮ ಬಾಲ್ಕನಿ ಕಂಬಿ ಗಿಡ್ಡವಾಯಿತು ಅಂತಲೇ ಲೆಕ್ಕ. ಬಾಲ್ಕನಿ ಕಂಬಿ ಕನಿಷ್ಠ 1 ಮೀಟರ್ ಇರಬೇಕು, ಅಂದರೆ ಮೂರೂಕಾಲು ಅಡಿಗಿಂತ ಸ್ವಲ್ಪ ಹೆಚ್ಚು. ಟೇಪು ಹಿಡಿದು ಅಳೆಯಿರಿ, ಮೂರು ಇಂಚು ಕಳೆಯಿರಿ, ಉಳಿದದ್ದು ಸಾಲದಿದ್ದರೆ ಡೆಕ್ ಆಸೆ ಬಿಡಿ ಅಥವಾ ಮೊದಲು ಕಂಬಿ ಎತ್ತರಿಸಿ. ಹನ್ನೊಂದನೇ ಮಹಡಿಯಲ್ಲಿ ಮೂರು ವರ್ಷದ ಮಗುವಿರುವ ಮನೆಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಬೇರೆ ಯಾವುದೂ ಇಲ್ಲ. ಕಂಬಿಗೆ ಅಂಟಿಸಿ ಬೆಂಚು, ಕುಂಡದ ಸ್ಟ್ಯಾಂಡು ಕೂಡ ಬೇಡ. ಮಕ್ಕಳಿಗೆ ಅದು ಏಣಿ.

ಸ್ಲೈಡಿಂಗ್ ಬಾಗಿಲಿನ ಹಳಿಯೂ ಅಷ್ಟೇ. ಡೆಕ್ ಅದಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಮಳೆ ನೀರು ಹಾಲಿಗೇ ಬರುತ್ತೆ.

ಒಂದಡಿ ತುಂಡು ಮನೆಗೆ ತನ್ನಿ

ಅಂಗಡಿಯ ಎ.ಸಿ.ಯಲ್ಲಿ ಎಲ್ಲ ಹಲಗೆಯೂ ಚೆಂದವೇ. ನೀವು ಮೆಚ್ಚಿದ ಎರಡು-ಮೂರು ಬಗೆಯ ಒಂದೊಂದು ಅಡಿ ತುಂಡು ಕೇಳಿ ತನ್ನಿ. ಕೊಡೋದಿಲ್ಲ ಅಂದರೆ ಬೇರೆ ಅಂಗಡಿ ನೋಡಿ. ತುಂಡನ್ನು ನಿಮ್ಮ ಬಾಲ್ಕನಿಯಲ್ಲೇ ಹನ್ನೆರಡರಿಂದ ಮೂರು ಗಂಟೆವರೆಗೆ ಬಿಸಿಲಿಗಿಟ್ಟು, ಮೊದಲು ಕೈಬೆರಳಿಂದ ಮುಟ್ಟಿ, ತಡೆಯುವಂತಿದ್ದರೆ ಬರಿಗಾಲಿಡಿ. ಗಾಢ ಕಂದು, ಕಪ್ಪು ಬಣ್ಣದವು ಹೆಂಚಿನ ಹಾಗೆ ಕಾಯುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಗೆ ತಿಳಿ ಬೂದು, ತಿಳಿ ಮರಳು ಬಣ್ಣವೇ ಸರಿ. ಅಂಬೆಗಾಲಿಡುವ ಕೂಸಿದ್ದರಂತೂ ಇನ್ನೊಂದು ಯೋಚನೆಯೇ ಬೇಡ.

ಆಮೇಲೆ ಅದರ ಮೇಲೆ ಒಂದು ತೊಟ್ಟು ಎಣ್ಣೆ, ಚಿಟಿಕೆ ಅರಿಶಿನ ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಪಾತ್ರೆ ಸೋಪಿನಿಂದ ಉಜ್ಜಿ. ಹಲಗೆಯ ಮೈಗೆ ಪ್ಲಾಸ್ಟಿಕ್ ಕವಚ ಇರುವ ಬಗೆಯಲ್ಲಿ ಕಲೆ ಬಹುಪಾಲು ಹೋಗುತ್ತೆ. ಕವಚ ಇಲ್ಲದ್ದರಲ್ಲಿ ಮರದ ಪುಡಿ ಎಣ್ಣೆ ಕುಡಿದು ಕಲೆ ನಿಂತುಬಿಡುತ್ತೆ. ಕೊನೆಯ ಪರೀಕ್ಷೆಗೆ ಅಡುಗೆಮನೆ ತಕ್ಕಡಿ ಬೇಕು. ತುಂಡನ್ನು ತೂಗಿ, ಒಂದು ವಾರ ಬಕೆಟ್ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ತೂಕ ಜಾಸ್ತಿ ಏರಿದ್ದರೆ, ಕತ್ತರಿಸಿದ ತುದಿ ಉಬ್ಬಿದ್ದರೆ ಅದು ನೀರು ಕುಡಿಯುವ ಹಲಗೆ. ಮೈ ಒದ್ದೆಯಿರುವಾಗಲೇ ಅತ್ತೆಯವರ ಚಪ್ಪಲಿಯನ್ನು ಮೇಲಿಟ್ಟು ಒತ್ತಿ ಎಳೆದು ನೋಡಿ, ಜಾರುತ್ತಾ ಅಂತ.

ಟೊಳ್ಳು ಹಲಗೆ ಅಗ್ಗ, ಹಗುರ. ಗಟ್ಟಿ ಹಲಗೆ ದುಬಾರಿ, ಭಾರ. ಮಳೆ ಬಡಿಯುವ ಕಡೆಗೆ ಗಟ್ಟಿಯದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಟೊಳ್ಳಿನ ತುದಿಯ ಮುಚ್ಚಳ ಒಂದು ಕಿತ್ತರೂ ಒಳಗೆ ನೀರು, ಇರುವೆ, ಜಿರಳೆ ಸಂಸಾರ ಹೂಡುತ್ತವೆ. ಇನ್ನು ಒಂದು ಎಚ್ಚರ: ಕಬೋರ್ಡ್, ಬಚ್ಚಲಮನೆ ಬಾಗಿಲಿಗೆ ಬರುವ ‘ಡಬ್ಲ್ಯುಪಿಸಿ ಬೋರ್ಡ್’ ಬೇರೆ. ಅದು ಸಾಮಾನ್ಯವಾಗಿ ನೊರೆಯಂತೆ ಉಬ್ಬಿಸಿದ ಪಿವಿಸಿ ಹಾಳೆ, ಹೊರಗಿನ ನೆಲಕ್ಕಲ್ಲ. ಹೆಸರು ಒಂದೇ ಅಂತ ಬಡಗಿ ಉಳಿದ ಹಾಳೆಯನ್ನೇ ಹಾಸಲು ಹೊರಟರೆ ಬೇಡ ಅನ್ನಿ.

ತುಳಸಿ, ದೀಪ, ರಂಗೋಲಿ

ಕ್ಯಾಟಲಾಗಿನಲ್ಲಿ ಕಾಫಿ ಕಪ್ ಇರುತ್ತೆ, ತುಳಸಿ ಕುಂಡ ಇರೋದಿಲ್ಲ. ನಮ್ಮ ಬಾಲ್ಕನಿಯಲ್ಲಿ ಇವೆರಡೂ ಬೇಕು. ಕಾರ್ತಿಕ ಮಾಸದಲ್ಲಿ ಹಣತೆಯನ್ನು ಹಲಗೆಯ ಮೇಲೆ ನೇರ ಇಟ್ಟರೆ ಪ್ಲಾಸ್ಟಿಕ್ ಮೆತ್ತಗಾಗಿ ಗುರುತು ಬೀಳುತ್ತೆ, ಚೆಲ್ಲಿದ ಎಣ್ಣೆಗೆ ಬೆಂಕಿ ತಾಗಿದರೆ ಅನಾಹುತವೇ. ತುಳಸಿಯ ಸುತ್ತ ಎರಡಡಿ ಜಾಗಕ್ಕೆ ಡೆಕ್ ಹಾಕದೆ ಟೈಲ್ಸನ್ನೇ ಉಳಿಸಿ, ಅಥವಾ ಸಾದಹಳ್ಳಿ ಕಲ್ಲಿನ ಚಪ್ಪಡಿ ಒಂದನ್ನು ಕೂರಿಸಿ. ದೀಪ, ಊದುಬತ್ತಿ, ರಂಗೋಲಿ ಎಲ್ಲ ಅಲ್ಲೇ ಆಗಲಿ. ಗೀರುಗೀರಿನ ಹಲಗೆಯ ಮೇಲೆ ರಂಗೋಲಿ ಪುಡಿ ಕೂತರೆ ತೆಗೆಯೋದು ಹಲ್ಲುಜ್ಜುವ ಬ್ರಶ್ಶಿನ ಕೆಲಸ. ದೀಪಾವಳಿಯ ಭೂಚಕ್ರ, ಸುರುಸುರುಬತ್ತಿ ಇಲ್ಲಿ ಖಂಡಿತಾ ಬೇಡ.

ಪೀಣ್ಯ, ದಾಸರಹಳ್ಳಿ ಕಡೆ ಇರುವವರಿಗೆ ಕಾರ್ಖಾನೆ, ಹೈವೇ ಧೂಳು ದಿನದ ಪಾಡು. ಅವರು ಆಳವಾದ ಗೀರಿನ ಹಲಗೆ ಬಿಟ್ಟು, ಮರದ ನರದಂತೆ ತೆಳುವಾದ ಅಚ್ಚಿರುವುದನ್ನು ಆರಿಸಲಿ. ಬೋರ್‌ವೆಲ್, ಟ್ಯಾಂಕರ್ ನೀರಿನಲ್ಲಿ ತೊಳೆಯುವವರಿಗೆ ಇನ್ನೊಂದು ಮಾತು: ಗಡಸು ನೀರು ಒಣಗಿದಾಗ ಗಾಢ ಬಣ್ಣದ ಮೇಲೆ ಬಿಳಿ ಚುಕ್ಕೆ ಎದ್ದು ಕಾಣುತ್ತೆ. ನೀರು ಸುರಿದು ಬಿಡುವ ಬದಲು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕುಂಡಗಳಿಗೆ ಕಾಲಿರುವ ಸ್ಟ್ಯಾಂಡ್ ಕೊಡಿ. ರಬ್ಬರ್ ತಳದ ಮ್ಯಾಟು ಬೇಡ, ಅದರಡಿಯ ಬಣ್ಣ ಬೇರೆಯಾಗಿಬಿಡುತ್ತೆ.

ಹುಡುಗರು ಕೆಲಸಕ್ಕೆ ಬಂದಾಗ

ಈ ಹಲಗೆ ಬಿಸಿಲಿಗೆ ಉದ್ದಕ್ಕೂ ಹಿಗ್ಗುತ್ತೆ. ಗೋಡೆಗೆ ಒತ್ತಿ ಕೂರಿಸಿದರೆ ಏಪ್ರಿಲ್‌ನಲ್ಲಿ ಮಧ್ಯೆ ಹಪ್ಪಳದಂತೆ ಏಳುತ್ತೆ. ಹಲಗೆ-ಹಲಗೆ ನಡುವೆ 5-6 ಮಿಲಿಮೀಟರ್, ಗೋಡೆಯ ಹತ್ತಿರ ಅದಕ್ಕಿಂತ ಹೆಚ್ಚು ಸಂದು ಬೇಕು. ‘ಸಂದು ಇಲ್ಲದೆ ನೀಟಾಗಿ ಕೂರಿಸ್ತೀವಿ ಮೇಡಂ’ ಅಂದರೆ ಒಪ್ಪಬೇಡಿ. ರೀಪರಿಂದ ರೀಪರಿಗೆ ಒಂದಡಿ ಇರಲಿ. ಕಂಪನಿಯ ಕಾಗದದಲ್ಲಿ ಬರೆದಿರುವ ಅಳತೆಯನ್ನೇ ಪಾಲಿಸದಿದ್ದರೆ ಗ್ಯಾರಂಟಿ ಕೈಗೆ ಸಿಗೋದಿಲ್ಲ. ಆ ಕಾಗದವನ್ನು ಕೆಲಸ ಶುರುವಾಗುವ ಮೊದಲೇ ಕೇಳಿ ಇಸಿದುಕೊಳ್ಳಿ. ದರ ಕೇಳುವಾಗ ಹಲಗೆಯದ್ದಷ್ಟೇ ಅಲ್ಲ, ರೀಪರು, ಕ್ಲಿಪ್ಪು, ಅಂಚುಪಟ್ಟಿ, ಕೂಲಿ ಎಲ್ಲ ಸೇರಿ ಚದರಡಿಗೆ ಎಷ್ಟು ಅಂತ ಕೇಳಿ. ಹಲಗೆಯ ರೇಟು ಮಾತ್ರ ಹೇಳಿ ಆಮೇಲೆ ಒಂದೊಂದೇ ಸೇರಿಸೋದು ಹಳೇ ಪದ್ಧತಿ. ಅಸೋಸಿಯೇಷನ್ನಿನ ಅನುಮತಿ ಬಾಯಿಮಾತಿನಲ್ಲಿ ಬೇಡ, ಇ-ಮೇಲ್‌ನಲ್ಲಿ ಇರಲಿ.

ಅಮ್ಮನ ಮನೆ ಉಡುಪಿಯಲ್ಲೋ ಮಂಗಳೂರಲ್ಲೋ ಇದ್ದು, ಅಲ್ಲಿಗೂ ಹಾಕಿಸೋಣ ಅಂತಿದ್ದರೆ ಲೆಕ್ಕ ಬೇರೆ. ಅಲ್ಲಿನ ಮಳೆ ವರ್ಷಕ್ಕೆ 3500 ಮಿಲಿಮೀಟರಿಗೂ ಮೇಲೆ, ಜೊತೆಗೆ ಉಪ್ಪುಗಾಳಿ. ಕವಚವಿರುವ ಗಟ್ಟಿ ಹಲಗೆ, 316 ಗ್ರೇಡಿನ ಸ್ಟೇನ್‌ಲೆಸ್ ಸ್ಕ್ರೂ ಬೇಕೇ ಬೇಕು. ಆದರೂ ಆಷಾಢದಲ್ಲಿ ಪಾಚಿ ಕಟ್ಟುತ್ತೆ, ವಾರಕ್ಕೊಮ್ಮೆ ಬ್ರಶ್ ಹಾಕುವವರಿಲ್ಲದಿದ್ದರೆ ವಯಸ್ಸಾದವರಿಗೆ ಜಾರುಬಂಡಿ. ಅಂಥ ಅಂಗಳಕ್ಕೆ ಒರಟು ಕಲ್ಲೇ ಮೇಲು.

ಬಾಡಿಗೆ ಮನೆಯವರಿಗೆ ಒಂದಡಿ-ಒಂದಡಿ ಚೌಕದ, ಒಂದಕ್ಕೊಂದು ಸಿಕ್ಕಿಸುವ ಡೆಕ್ ಬಿಲ್ಲೆಗಳು ಸಿಗುತ್ತವೆ. ಸ್ಕ್ರೂ ಇಲ್ಲ, ಡ್ರಿಲ್ ಇಲ್ಲ. ಏರೋದು ಒಂದಿಂಚು ಮಾತ್ರ. ಯುಗಾದಿಗೆ ಮನೆ ತೊಳೆಯುವಾಗ ಎಲ್ಲ ಎತ್ತಿ ಕೆಳಗೆ ಗುಡಿಸಿ, ಬಿಲ್ಲೆ ತೊಳೆದು ನೆರಳಲ್ಲಿ ಆರಿಸಿ ಮತ್ತೆ ಹಾಕಬಹುದು. ಮನೆ ಬದಲಿಸುವಾಗ ಪೆಟ್ಟಿಗೆಗೆ ತುಂಬಿಕೊಂಡು ಹೊರಟರಾಯಿತು. ಸ್ವಂತ ಮನೆಯವರೂ ಮೊದಲ ವರ್ಷ ಹತ್ತು ಬಿಲ್ಲೆ ಹಾಕಿ, ಒಂದು ಬೇಸಿಗೆ, ಒಂದು ಮಳೆಗಾಲ ನೋಡಿ ಆಮೇಲೆ ದೊಡ್ಡ ಆರ್ಡರ್ ಕೊಡಬಹುದು.