ಹಳೆಯ ಸೈಕಲ್ಲಿನ ಲೋಹಪರೀಕ್ಷೆ

ಹಳೆಯ ಸೈಕಲ್ಲೊಂದನ್ನು ಕೊಳ್ಳಲು ಹೊರಟವನು ಮೊದಲು ನೋಡುವುದು ಅದರ ಬಣ್ಣವನ್ನು. ಆಮೇಲೆ ಚಕ್ರ, ಬ್ರೇಕು, ಗಂಟೆಗಳನ್ನು. ಆದರೆ ಸವಾರನ ಭಾರವನ್ನೆಲ್ಲ ಹೊರುವುದು ಬಣ್ಣದ ಮರೆಯಲ್ಲಿರುವ ಚೌಕಟ್ಟು. ಚಕ್ರ ಸವೆದರೆ ಬದಲಾಯಿಸಬಹುದು. ಬ್ರೇಕು ಕೆಟ್ಟರೆ ಸರಿಪಡಿಸಬಹುದು. ಚೌಕಟ್ಟು ದಾರಿಯಲ್ಲಿ ಮುರಿದರೆ ಸವಾರನ ಪ್ರಾಣಕ್ಕೇ ಅಪಾಯ. ಆದುದರಿಂದ ಅದು ಯಾವ ಲೋಹದ್ದೆಂದು ಅರಿಯುವುದು ಬರಿಯ ಕುತೂಹಲದ ಮಾತಲ್ಲ.

ಚೌಕಟ್ಟಿಗೆ ಬಳಸುವ ಮುಖ್ಯ ಲೋಹಗಳು ಮೂರು: ಉಕ್ಕು, ಅಲ್ಯೂಮಿನಿಯಂ ಮಿಶ್ರಲೋಹ ಮತ್ತು ಟೈಟೇನಿಯಂ. ನಮ್ಮ ಹಳ್ಳಿ ಪಟ್ಟಣಗಳಲ್ಲಿ ಹಾಲಿನ ಕ್ಯಾನು, ಅಂಚೆಯ ಚೀಲಗಳನ್ನು ಹೊತ್ತು ತಲೆಮಾರುಗಳ ಕಾಲ ಓಡಿದ ಕರಿಯ ಸೈಕಲ್ಲುಗಳು ಉಕ್ಕಿನವು. ಗೇರುಗಳುಳ್ಳ ಹಗುರವಾದ ಸೈಕಲ್ಲುಗಳಲ್ಲಿ ಅಲ್ಯೂಮಿನಿಯಂ ಸಾಮಾನ್ಯ. ಟೈಟೇನಿಯಂ ದುಬಾರಿಯಾದುದರಿಂದ ಅಪರೂಪ.

ಪರೀಕ್ಷೆಗಳಲ್ಲಿ ಅತ್ಯಂತ ಸುಲಭವಾದುದು ಅಯಸ್ಕಾಂತದ ಪರೀಕ್ಷೆ. ಚೌಕಟ್ಟಿನ ಉಕ್ಕಿಗೆ ಅಯಸ್ಕಾಂತ ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಂ, ಟೈಟೇನಿಯಂಗಳಿಗೆ ಅಂಟುವುದಿಲ್ಲ. ಆದರೆ ಇಲ್ಲಿ ಎಚ್ಚರ ಬೇಕು. ಅಲ್ಯೂಮಿನಿಯಂ ಚೌಕಟ್ಟಿಗೆ ಉಕ್ಕಿನ ಫೋರ್ಕನ್ನು ಜೋಡಿಸುವುದುಂಟು. ತಿರುಪುಗಳಂತೂ ಸಾಮಾನ್ಯವಾಗಿ ಉಕ್ಕಿನವೇ. ಆದುದರಿಂದ ಅಯಸ್ಕಾಂತವನ್ನು ಚೌಕಟ್ಟಿನ ಮೂರು ದೊಡ್ಡ ಕೊಳವೆಗಳಿಗೇ ಹಿಡಿದು ನೋಡಬೇಕು.

ಎರಡನೆಯದು ಕಣ್ಣಿನ ಪರೀಕ್ಷೆ. ಬಣ್ಣ ಕಿತ್ತುಹೋದೆಡೆ ಕೆಂಗಂದು ತುಕ್ಕು ಕಂಡರೆ ಅದು ಉಕ್ಕು. ಬಿಳಿಯ ಪುಡಿಯಂತಹ ಪದರ ಕಂಡರೆ ಅಲ್ಯೂಮಿನಿಯಂ. ಬಣ್ಣವನ್ನೇ ಬಳಿಯದ ಬೂದು ಕೊಳವೆ ಅಯಸ್ಕಾಂತಕ್ಕೂ ಸಿಕ್ಕದೆ, ವರ್ಷಗಳು ಕಳೆದರೂ ಮಾಸದೆ ಇದ್ದರೆ ಟೈಟೇನಿಯಂ ಇರಬಹುದು.

ಕೊಳವೆಯ ಗಾತ್ರವೂ ಸಾಕ್ಷಿ ಹೇಳುತ್ತದೆ. ಉಕ್ಕಿಗೆ ಹೋಲಿಸಿದರೆ ಅಲ್ಯೂಮಿನಿಯಂನ ಬಿಗುಪು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಈ ಕೊರತೆಯನ್ನು ತುಂಬಲು ಅದರ ಕೊಳವೆಗಳನ್ನು ದಪ್ಪವಾಗಿ ಮಾಡುತ್ತಾರೆ. ಹಳೆಯ ಉಕ್ಕಿನ ಸೈಕಲ್ಲಿನ ಮೇಲ್ಕೊಳವೆಯ ವ್ಯಾಸ ಹೆಚ್ಚಾಗಿ 25.4 ಮಿಲಿಮೀಟರ್, ಅಂದರೆ ಒಂದು ಅಂಗುಲ. ಕೊಳವೆಗಳು ಕೂಡುವೆಡೆ ಉಕ್ಕಿನ ತೋಳುಗಳಿದ್ದು, ಹಿತ್ತಾಳೆಯ ಬೆಸುಗೆ ಹಾಕಿದ್ದರೆ ಅದು ಉಕ್ಕೆಂದು ಬಹುಮಟ್ಟಿಗೆ ನಂಬಬಹುದು. ನಾಣ್ಯಗಳನ್ನು ಓರೆಯಾಗಿ ಜೋಡಿಸಿದಂತೆ ಉಬ್ಬಿದ ದಪ್ಪ ಬೆಸುಗೆ ಅಲ್ಯೂಮಿನಿಯಂನ ಗುರುತು.

ಭಾರದಿಂದ ಲೋಹವನ್ನು ತಿಳಿಯಬಾರದೇ? ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗುತ್ತದೆ, ಟೈಟೇನಿಯಂ 4.5 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ. ಆದರೂ ಸೈಕಲ್ಲನ್ನು ಎತ್ತಿನೋಡಿ ತೀರ್ಮಾನಿಸುವುದು ಸಲ್ಲದು. ತೆಳುವಾದ ಉಕ್ಕಿನ ಕೊಳವೆ, ದಪ್ಪ ಗೋಡೆಯ ಅಲ್ಯೂಮಿನಿಯಂ ಕೊಳವೆಗಿಂತ ಹಗುರವಾಗಿರಬಹುದು. ಚಕ್ರ, ಪೆಡಲುಗಳ ಭಾರವೂ ಅದರಲ್ಲಿ ಸೇರಿರುತ್ತದೆ. ಒಂದೇ ಪರೀಕ್ಷೆಯನ್ನು ನೆಚ್ಚದೆ, ಎರಡು ಮೂರು ಪರೀಕ್ಷೆಗಳು ಒಂದೇ ಉತ್ತರವನ್ನು ಕೊಟ್ಟಾಗ ಮಾತ್ರ ನಂಬುವುದು ವಿಜ್ಞಾನದ ಮಾರ್ಗ.

ಇಷ್ಟೆಲ್ಲ ಶ್ರಮವೇಕೆ? ಬಿರುಕು ಬಿಟ್ಟ ಉಕ್ಕಿನ ಚೌಕಟ್ಟನ್ನು ನುರಿತ ಬೆಸುಗೆಯವನು ಊರಿನಲ್ಲೇ ಕೂಡಿಸಬಲ್ಲನು. ಅಲ್ಯೂಮಿನಿಯಂನ ವಿಷಯ ಹಾಗಲ್ಲ. ಅದು ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಮೇಲಣ ಆಕ್ಸೈಡಿನ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಉಕ್ಕಿನಂತೆ ಕೆಂಪಾಗಿ ಎಚ್ಚರಿಕೆ ಕೊಡದೆ ಅದು ಒಮ್ಮೆಲೇ ಕುಸಿಯುತ್ತದೆ. ಬೆಸುಗೆಯ ಕಾವಿನಿಂದ ಸುತ್ತಲಿನ ಲೋಹದ ಬಲವೂ ಕುಗ್ಗುತ್ತದೆ. ಇದಲ್ಲದೆ, ಮಿತಿಯೊಳಗಿನ ಒತ್ತಡವನ್ನು ಉಕ್ಕು ಲಕ್ಷಾಂತರ ಸಲ ತಾಳಬಲ್ಲುದು. ಅಲ್ಯೂಮಿನಿಯಂ ಸಣ್ಣ ಒತ್ತಡಗಳಿಂದಲೂ ಕಾಲಕ್ರಮದಲ್ಲಿ ದಣಿದು ಬಿರುಕುಬಿಡಬಹುದು. ಆದ್ದರಿಂದ ಹಳೆಯ ಅಲ್ಯೂಮಿನಿಯಂ ಚೌಕಟ್ಟಿನ ಬೆಸುಗೆಗಳ ಸುತ್ತ ಕೂದಲೆಳೆಯಷ್ಟು ಗೆರೆ ಕಂಡರೂ ಅದನ್ನು ಕೊಳ್ಳದಿರುವುದೇ ಲೇಸು.

ಸೈಕಲ್ಲನ್ನು ಮಾರುವವನು ಬಣ್ಣವನ್ನು ತೋರಿಸುತ್ತಾನೆ. ಕೊಳ್ಳುವವನು ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತವನ್ನೂ ತಾಳ್ಮೆಯ ಕಣ್ಣನ್ನೂ ಒಯ್ದರೆ, ಬಣ್ಣದ ಕೆಳಗಿನ ನಿಜ ತಾನಾಗಿಯೇ ಹೊರಬರುತ್ತದೆ.