ಅಂಗಡಿಗೆ ಇಂಟರ್ನೆಟ್ ಫೋನ್ ಬೇಕೇ? ಸಹಿ ಹಾಕುವ ಮುನ್ನ ಒಂದು ವಾರದ ಲೆಕ್ಕ

ನಮ್ಮ ವ್ಯಾಪಾರಿ ಬಂಧುಗಳಲ್ಲಿ ಹಲವರ ಬಳಿಗೆ ಈಗ ಒಂದೇ ಬಗೆಯ ಮಾರಾಟಗಾರರು ಬರುತ್ತಿದ್ದಾರೆ. "ಹಳೆಯ ಫೋನ್ ತೆಗೆಸಿ, ಇಂಟರ್ನೆಟ್ ಮೂಲಕ ನಡೆಯುವ ಹೊಸ ವ್ಯವಸ್ಥೆ ಹಾಕಿಸಿಕೊಳ್ಳಿ, ಖರ್ಚು ಅರ್ಧ ಆಗುತ್ತದೆ" ಎನ್ನುವುದು ಅವರ ಮಾತು. ಶಿವಮೊಗ್ಗದಲ್ಲಿ ಔಷಧಿಗಳ ಸಗಟು ಅಂಗಡಿ ನಡೆಸುವ ನನ್ನ ಅಣ್ಣನ ಮಗನ ಬಳಿಗೂ ಬಂದಿದ್ದರು. ಅವನು ಅವರು ಕೊಟ್ಟ ಕಾಗದ ಹಿಡಿದುಕೊಂಡು ಮನೆಗೆ ಬಂದ. "ಚಾಚಾ, ಇದಕ್ಕೆ ಸಹಿ ಹಾಕಲಾ, ಬೇಡವಾ? ನೀವೇ ಒಮ್ಮೆ ನೋಡಿ ಹೇಳಿ" ಎಂದ.

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿದವನು, ವ್ಯಾಪಾರ ಮಾಡಿದವನಲ್ಲ. ಆದರೆ ಉತ್ತರ ಬರೆಯುವ ಮುಂಚೆ ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಇಲ್ಲಿಯೂ ಅದನ್ನೇ ಮಾಡಿದೆವು. ನಮಗೆ ತಿಳಿದುಬಂದದ್ದು ಇತರರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಇದು ಕೆಲಸ ಮಾಡುವ ರೀತಿ

ಹಳೆಯ ಫೋನಿನಲ್ಲಿ ನಮ್ಮ ಅಂಗಡಿಯಿಂದ ಎಕ್ಸ್‌ಚೇಂಜ್‌ವರೆಗೆ ಒಂದು ತಾಮ್ರದ ತಂತಿ ನಮಗಾಗಿಯೇ ಇರುತ್ತಿತ್ತು. ಇಂಟರ್ನೆಟ್ ಫೋನಿನಲ್ಲಿ ಮಾತನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಸಾಮಾನ್ಯವಾಗಿ ಒಂದು ಸೆಕೆಂಡಿಗೆ 50 ತುಂಡುಗಳಂತೆ, ಇಂಟರ್ನೆಟ್ ದಾರಿಯಲ್ಲಿ ಕಳಿಸುತ್ತಾರೆ. ಆ ಕಡೆ ಅವುಗಳನ್ನು ಕ್ರಮವಾಗಿ ಜೋಡಿಸಿದಾಗ ಧ್ವನಿ ಕೇಳುತ್ತದೆ. ವಾಟ್ಸ್ಆ್ಯಪ್ ಕರೆಯೂ ಇದೇ ಜಾತಿಯದು. ಆದರೆ ಅದಕ್ಕೆ ಇಬ್ಬರ ಬಳಿಯೂ ವಾಟ್ಸ್ಆ್ಯಪ್ ಇರಬೇಕು, ಅದರಿಂದ ಲ್ಯಾಂಡ್‌ಲೈನಿಗೆ ಕರೆ ಹೋಗುವುದಿಲ್ಲ. ಅಂಗಡಿಗೆ ಮಾರುವ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಕರೆ ಮಾಡಬಹುದಾದ ಸಂಖ್ಯೆ ಇರುತ್ತದೆ. ಆ ಸಂಖ್ಯೆಗೆ ಬಂದ ಕರೆಯನ್ನು ಕೌಂಟರ್, ಗೋದಾಮು, ಲೆಕ್ಕದವರ ಮೊಬೈಲ್, ಎಲ್ಲಿ ಬೇಕಾದರೂ ರಿಂಗ್ ಆಗುವಂತೆ ಮಾಡಬಹುದು.

ಖರ್ಚು ಅರ್ಧ ಆಗುತ್ತದೆಯೇ?

ವಿದೇಶಗಳಲ್ಲಿ ಈ ಮಾತು ಎಷ್ಟೋ ಕಡೆ ನಿಜ, ಅಲ್ಲಿ ಹಳೆಯ ಫೋನ್ ಬಿಲ್ ದೊಡ್ಡದು. ನಮ್ಮಲ್ಲಿ ತಿಂಗಳ ರೀಚಾರ್ಜಿಗೆ ದೇಶವಿಡೀ ಎಷ್ಟು ಬೇಕಾದರೂ ಮಾತಾಡಬಹುದು. ಹಾಗಾಗಿ ಸಣ್ಣ ಅಂಗಡಿಗೆ ಕರೆಯ ಖರ್ಚಿನಲ್ಲಿ ಉಳಿತಾಯ ಬಹಳ ಇಲ್ಲ. ಬದಲಿಗೆ ಒಬ್ಬೊಬ್ಬ ಬಳಕೆದಾರನಿಗೆ ಇಷ್ಟು ಎಂದು ತಿಂಗಳ ಬಾಡಿಗೆ, ಅದರ ಮೇಲೆ ಶೇ. 18 ಜಿ.ಎಸ್‌.ಟಿ. ಸೇರುತ್ತದೆ. ಆದ್ದರಿಂದ ಎಷ್ಟು ಉಳಿಯುತ್ತದೆ ಎಂದು ಕೇಳುವ ಬದಲು, ಈಗ ನಮ್ಮ ಕೈತಪ್ಪಿ ಹೋಗುತ್ತಿರುವ ಕರೆಗಳೆಷ್ಟು ಎಂದು ಕೇಳಬೇಕು.

ಒಂದು ವಾರದ ನೋಟ್‌ಬುಕ್

ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಲು ಹೇಳಿದೆ. ನಾಲ್ಕು ಕಾಲಂ: ಕರೆ ಬಂದ ಸಮಯ, ಯಾರದು, ಯಾರು ಎತ್ತಿದರು, ಮಾತು ಅಲ್ಲಿಯೇ ಮುಗಿಯಿತೇ ಅಥವಾ "ತಡೀರಿ, ಅವರನ್ನು ಕರೀತೀನಿ" ಎನ್ನಬೇಕಾಯಿತೇ. ದಿನದ ಕೊನೆಗೆ ಮಿಸ್ಡ್ ಕಾಲ್‌ಗಳನ್ನೂ ಅದರಲ್ಲಿಯೇ ಬರೆಯುವುದು.

ವಾರ ಕಳೆದ ಮೇಲೆ ಎರಡು ಸಂಗತಿ ಕಣ್ಣಿಗೆ ಬಿದ್ದವು. ಬೆಳಿಗ್ಗೆ 10ರಿಂದ 12ರವರೆಗೆ ಒಬ್ಬರು ಮಾತಾಡುತ್ತಿರುವಾಗ ಬೇರೆ ಅಂಗಡಿಗಳ ಆರ್ಡರ್ ಕರೆಗಳು ತಪ್ಪಿಹೋಗುತ್ತಿದ್ದವು. ಮಧ್ಯಾಹ್ನದ ನಂತರ ಹೆಚ್ಚಿನ ಕರೆಗಳು ಗೋದಾಮಿಗೆ ಸಂಬಂಧಪಟ್ಟವು, ಅದಕ್ಕೆ ಹುಡುಗನೊಬ್ಬ ಓಡಾಡುತ್ತಿದ್ದ. ಇಂಥ ಅಂಗಡಿಗೆ ಈ ವ್ಯವಸ್ಥೆಯಿಂದ ಲಾಭವಿದೆ. ಒಬ್ಬರೇ ಕುಳಿತು ನಡೆಸುವ ಟೈಲರಿಂಗ್ ಅಂಗಡಿಗೋ ಬೇಕರಿಗೋ ಇದೇ ಲೆಕ್ಕ ಹಾಕಿದರೆ, ಒಂದು ಮೊಬೈಲೇ ಸಾಕು ಎಂಬ ಉತ್ತರ ಬಂದೀತು.

ಕರೆಂಟ್ ಹೋದರೆ?

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಪ್ರಶ್ನೆ ಇದು. ತಾಮ್ರದ ತಂತಿಯ ಫೋನಿಗೆ ಬೇಕಾದ ಸುಮಾರು 48 ವೋಲ್ಟ್ ವಿದ್ಯುತ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ಬಡಿಯುತ್ತಿತ್ತು. ಫೈಬರ್ ಕೇಬಲ್‌ನಲ್ಲಿ ಬರುವುದು ಬೆಳಕು, ವಿದ್ಯುತ್ ಅಲ್ಲ. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಗೆ ನಮ್ಮದೇ ಕರೆಂಟ್ ಬೇಕು.

ಈ ಅಂಗಡಿಯ ಲ್ಯಾಂಡ್‌ಲೈನ್ ಆಗಲೇ ತಾಮ್ರದಿಂದ ಫೈಬರಿಗೆ ಬದಲಾಗಿತ್ತು. ಅದರ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಯಿತು. ಇನ್ವರ್ಟರ್ ಇತ್ತು, ದೀಪ ಉರಿಯುತ್ತಿತ್ತು, ಔಷಧಿಯ ಫ್ರಿಜ್ ಓಡುತ್ತಿತ್ತು. ಆದರೆ ಫೈಬರ್ ಪೆಟ್ಟಿಗೆಯ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರಲಿಲ್ಲ. ತೀರ್ಥಹಳ್ಳಿ ಕಡೆಯ ಒಂದು ನರ್ಸಿಂಗ್ ಹೋಮಿನವರು ಹಾವು ಕಡಿತದ ಔಷಧಿಗಾಗಿ ಮತ್ತೆ ಮತ್ತೆ ಪ್ರಯತ್ನಿಸಿದ್ದರು. ಫ್ರಿಜ್ಜಿನಲ್ಲಿ ಔಷಧಿ ಇತ್ತು, ಅಂಗಡಿಯಲ್ಲಿ ಜನ ಇದ್ದರು, ಫೋನ್ ಮಾತ್ರ ಸತ್ತಿತ್ತು. ಅವರು ಬೇರೆ ಕಡೆಯಿಂದ ತರಿಸಿಕೊಂಡರು, ರೋಗಿ ಉಳಿದರು. ಮರುದಿನ ವಿಷಯ ತಿಳಿದಾಗ ನನ್ನ ಅಣ್ಣನ ಮಗ ಆ ದಿನವೆಲ್ಲ ಸರಿಯಾಗಿ ಊಟ ಮಾಡಲಿಲ್ಲ.

ಆದ್ದರಿಂದ ಹೊಸ ವ್ಯವಸ್ಥೆ ಹಾಕಿಸುವವರು ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಫೈಬರ್ ಪೆಟ್ಟಿಗೆ, ರೂಟರ್, ಫೋನ್ ಮೂರನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಇನ್ವರ್ಟರ್ ಇಲ್ಲದವರು ರೂಟರಿಗೆಂದೇ ಸಿಗುವ ಚಿಕ್ಕ ಯು.ಪಿ.ಎಸ್. ಕೊಳ್ಳಬಹುದು. ನಂತರ ಮೇನ್ ಸ್ವಿಚ್ ಆಫ್ ಮಾಡಿ, ಹೊರಗಿನಿಂದ ಕರೆ ಮಾಡಿ ನೋಡಿ. ಇಂಟರ್ನೆಟ್ಟೇ ನಿಂತರೆ ಕರೆ ತಾನಾಗಿ ಒಂದು ಮೊಬೈಲಿಗೆ ಹೋಗುವ ಏರ್ಪಾಡು ಇದೆಯೇ ಎಂದು ಮಾರಾಟಗಾರರನ್ನು ಕೇಳಿ. ಅದನ್ನೂ ಕೇಬಲ್ ಕಿತ್ತು ಪರೀಕ್ಷಿಸಿ. 112ಕ್ಕೆ ತುರ್ತು ಕರೆ ಮಾಡಲು ಅಂಗಡಿಯಲ್ಲಿ ಒಂದು ಸಾಮಾನ್ಯ ಮೊಬೈಲ್ ಯಾವಾಗಲೂ ಇರಲಿ.

ನಮ್ಮ ಇಂಟರ್ನೆಟ್ ಸಾಕೇ?

ವೇಗದ ಮಟ್ಟಿಗೆ ಸಾಮಾನ್ಯವಾಗಿ ಸಾಕು. ಒಂದು ಕರೆಗೆ ಹೋಗುವ, ಬರುವ ಎರಡೂ ದಿಕ್ಕಿನಲ್ಲಿ ಸುಮಾರು 100 ಕೆ.ಬಿ.ಪಿ.ಎಸ್. ಎಂದು ಹಿಡಿಯಿರಿ. ಏಕಕಾಲಕ್ಕೆ 5 ಕರೆ ನಡೆದರೂ 500, ಅಂದರೆ ಅರ್ಧ ಎಂ.ಬಿ.ಪಿ.ಎಸ್. ಮಾತ್ರ. ವೇಗಕ್ಕಿಂತ ಮುಖ್ಯವಾದದ್ದು ಸ್ಥಿರತೆ. ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅದಕ್ಕಿಂತ ಬಹಳ ತಡವಾದರೆ ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ. ತುಂಡುಗಳು ದಾರಿಯಲ್ಲಿ ಕಳೆದುಹೋದರೆ ಮಾತು ಕತ್ತರಿಸಿದಂತೆ ಕೇಳುತ್ತದೆ. ಕೆಲವು ದಿನಗಳ ಉಚಿತ ಪ್ರಯೋಗ ಕೇಳಿ ಪಡೆಯಿರಿ. ಸಿ.ಸಿ. ಟಿ.ವಿ. ಓಡುತ್ತಿರುವಾಗ, ಬಿಲ್ಲಿಂಗ್ ನಡೆಯುವಾಗ, ಮಳೆ ಬರುವಾಗ ಮಾತಾಡಿ ನೋಡಿ.

ಹಳೆಯ ಸಂಖ್ಯೆಯ ಗತಿ

ಮೊಬೈಲ್ ಸಂಖ್ಯೆಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಬಹುದು, ಲ್ಯಾಂಡ್‌ಲೈನ್ ಸಂಖ್ಯೆಗೆ ನಮ್ಮಲ್ಲಿ ಆ ಸೌಲಭ್ಯ ಇಲ್ಲ. ಬೋರ್ಡ್, ಬಿಲ್ ಪುಸ್ತಕ, ಗಿರಾಕಿಗಳ ಡೈರಿ, ಎಲ್ಲ ಕಡೆ ಇರುವುದು ಹಳೆಯ ಸಂಖ್ಯೆ. ಹೊಸದು ಬಂದ ದಿನವೇ ಹಳೆಯದನ್ನು ರದ್ದು ಮಾಡಬೇಡಿ. ಕಡೇಪಕ್ಷ ಒಂದು ವರ್ಷ ಅದನ್ನು ಉಳಿಸಿ, ಅದಕ್ಕೆ ಬಂದ ಕರೆ ಹೊಸದಕ್ಕೆ ಹೋಗುವಂತೆ ಮಾಡಿಸಿ.

ಎಚ್ಚರಿಕೆಯ ಎರಡು ಮಾತು

ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಬೇಡವಾದರೆ ವಿದೇಶಿ ಕರೆಯ ಸೌಲಭ್ಯ ಮುಚ್ಚಿಸಿ. ಕಳ್ಳರು ಒಳನುಗ್ಗಿ ವಿದೇಶಕ್ಕೆ ಕರೆ ಮಾಡಿದರೆ ಬಿಲ್ ಬರುವುದು ನಿಮ್ಮ ಹೆಸರಿಗೆ.

ಎರಡನೆಯದು ಯುವಕರಿಗೆ. "ನಿಮ್ಮ ಅಂಗಡಿಯ ಮೂಲೆಯಲ್ಲಿ ಹಲವು ಸಿಮ್ ಹಾಕಿದ ಒಂದು ಪೆಟ್ಟಿಗೆ ಇಡುತ್ತೇವೆ, ತಿಂಗಳಿಗೆ ಬಾಡಿಗೆ ಕೊಡುತ್ತೇವೆ" ಎಂದು ಯಾರಾದರೂ ಬಂದರೆ ಒಪ್ಪಬೇಡಿ. ವಿದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆಯನ್ನು ಸ್ಥಳೀಯ ಕರೆಯಂತೆ ತೋರಿಸುವ ಅಕ್ರಮ ಅದು. ಪರವಾನಗಿ ಇಲ್ಲದೆ ದೂರಸಂಪರ್ಕ ಸೇವೆ ನಡೆಸಿದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಸೆರೆವಾಸ ಇದೆ. ಕನಸು ಕಟ್ಟಿಕೊಂಡ ಹುಡುಗನ ಬಾಳು ಒಂದು ಪೆಟ್ಟಿಗೆಯ ಬಾಡಿಗೆಗೆ ಹಾಳಾಗಬಾರದು. ಸಂಪರ್ಕವನ್ನು ಪರವಾನಗಿ ಇರುವ ಕಂಪನಿಯಿಂದಲೇ, ನಮ್ಮ ದಾಖಲೆ ಕೊಟ್ಟು ಪಡೆಯಬೇಕು.

ಕೊನೆಗೆ ನಾವು ಮಾಡಿದ್ದು

ಮಾರಾಟಗಾರರು ಹೇಳಿದ್ದು ಎಂಟು ಫೋನ್. ನೋಟ್‌ಬುಕ್ ನೋಡಿದ ಮೇಲೆ ಬೇಕೆನಿಸಿದ್ದು ಮೂರು. ಮೂರನ್ನೇ, ವರ್ಷದ ಹಣ ಮುಂಗಡ ಕಟ್ಟದೆ, ತಿಂಗಳ ಲೆಕ್ಕದಲ್ಲಿ ತೆಗೆದುಕೊಂಡ. ಪೆಟ್ಟಿಗೆಗಳೆಲ್ಲ ಈಗ ಇನ್ವರ್ಟರ್ ಲೈನಿನಲ್ಲಿವೆ. ರಾತ್ರಿ ಕರೆಗಳು ಅವನ ಮೊಬೈಲಿಗೆ ಬರುತ್ತವೆ. ಪ್ರತಿ ತಿಂಗಳ ಮೊದಲ ಸೋಮವಾರ ಮೇನ್ ಸ್ವಿಚ್ ಆಫ್ ಮಾಡಿ ನನಗೆ ಹೇಳುತ್ತಾನೆ, ನಾನು ಮನೆಯಿಂದ ಕರೆ ಮಾಡುತ್ತೇನೆ. ಅವನು ಎತ್ತಿ "ಕೇಳಿಸ್ತಿದೆ ಚಾಚಾ" ಎಂದರೆ ಆ ತಿಂಗಳ ಪರೀಕ್ಷೆ ಮುಗಿಯಿತು.