ನಿಮ್ಮ ಪಂಪ್‌ಸೆಟ್ಟಿಗೂ ಕಲ್ಲಿದ್ದಲ ಹೊಗೆಗೂ ಏನು ಸಂಬಂಧ? ಮೊಬೈಲಲ್ಲೇ ಲೆಕ್ಕ ಹಾಕಿ



ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ಚಿಕ್ಕಂದಿನಿಂದ ನೋಡ್ತಾ ಬಂದ ಹೊಗೆ ಅದು. ಕಳೆದ ಬೇಸಿಗೆಯಲ್ಲಿ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತು. ಮೋಟರ್ ಹಾಕೋಕೆ ಹೋದ ಅಪ್ಪನ ಕಾಲ ಬಳಿಯೇ ಹಾವು ಹರಿದು ಹೋಯ್ತು. ಅವತ್ತು ನನಗೆ ನಿದ್ದೆ ಬರಲಿಲ್ಲ. ಈ ರಾತ್ರಿ ಕರೆಂಟ್ ಎಲ್ಲಿಂದ ಬರುತ್ತೆ ಅಂತ ಮೊಬೈಲಲ್ಲಿ ಹುಡುಕುತ್ತಾ ಕುಳಿತೆ.

ನಮ್ಮ ರಾಜ್ಯದ ಕಲ್ಲಿದ್ದಲು ಕೇಂದ್ರಗಳು

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ತೆಲಂಗಾಣ, ಒಡಿಶಾ, ಮಹಾರಾಷ್ಟ್ರಗಳಿಂದ ರೈಲಿನಲ್ಲಿ ಬರುತ್ತೆ. ಸುಡುವ ದೊಡ್ಡ ಕೇಂದ್ರಗಳು ಇವು:

- ರಾಯಚೂರು (ಶಕ್ತಿನಗರ): 1720 ಮೆಗಾವ್ಯಾಟ್
- ಬಳ್ಳಾರಿ (ಕುಡಿತಿನಿ): 1700 ಮೆಗಾವ್ಯಾಟ್
- ಯರಮರಸ್: 1600 ಮೆಗಾವ್ಯಾಟ್
- ಕೂಡಗಿ, ವಿಜಯಪುರ ಜಿಲ್ಲೆ: 2400 ಮೆಗಾವ್ಯಾಟ್
- ಉಡುಪಿ: 1200 ಮೆಗಾವ್ಯಾಟ್

ಲೆಕ್ಕ ಹಾಕೋದು ಹೇಗೆ?

ಕೇಂದ್ರ ವಿದ್ಯುತ್ ಪ್ರಾಧಿಕಾರ ಯಾವ ಕೇಂದ್ರ ಎಷ್ಟು ಕರೆಂಟ್ ಉತ್ಪಾದಿಸಿತು, ಎಷ್ಟು ಕಲ್ಲಿದ್ದಲು ಸುಟ್ಟಿತು ಅನ್ನೋ ವರದಿಯನ್ನು ದಿನಾ ಹಾಕುತ್ತೆ. ನ್ಯಾಷನಲ್ ಪವರ್ ಪೋರ್ಟಲ್‌ನಲ್ಲಿ ಯಾರು ಬೇಕಾದ್ರೂ ನೋಡಬಹುದು. ಲೆಕ್ಕಕ್ಕೆ ಎರಡು ದಾರಿ ಇವೆ.

1. ಕರೆಂಟಿನಿಂದ: ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಸುಮಾರು ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ. ಅಂದ್ರೆ ವರದಿಯಲ್ಲಿ 20 ಮಿಲಿಯನ್ ಯೂನಿಟ್ ಅಂತಿದ್ದರೆ ಆ ದಿನ ಸುಮಾರು 20 ಸಾವಿರ ಟನ್.

2. ಕಲ್ಲಿದ್ದಲಿನಿಂದ: ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ, ಇಂಗಾಲ ಸುಮಾರು ಶೇ. 40. ಸುಡುವಾಗ 12 ಪಾಲು ಇಂಗಾಲ ಗಾಳಿಯ ಆಮ್ಲಜನಕ ಸೇರಿಸಿಕೊಂಡು 44 ಪಾಲು ಡೈಆಕ್ಸೈಡ್ ಆಗುತ್ತೆ. ಹಾಗಾಗಿ ಒಂದು ಟನ್ ಕಲ್ಲಿದ್ದಲಿಗೆ ಹತ್ತಿರ ಹತ್ತಿರ ಒಂದೂವರೆ ಟನ್. ಉಡುಪಿಯಂತೆ ವಿದೇಶಿ ಕಲ್ಲಿದ್ದಲು ಸುಡುವ ಕಡೆ ಟನ್ನಿಗೆ ಇನ್ನೂ ಹೆಚ್ಚು.

ಎರಡೂ ದಾರಿಯ ಉತ್ತರ ಹತ್ತಿರ ಬಂದರೆ ನಿಮ್ಮ ಲೆಕ್ಕ ಸರಿ ಅಂತ ತಿಳಿಯಿರಿ.

ಎರಡು ವಿಷಯ ನೆನಪಿರಲಿ. ಕೂಡಗಿಯ ಕರೆಂಟಿನಲ್ಲಿ ಬೇರೆ ರಾಜ್ಯಗಳಿಗೂ ಪಾಲಿದೆ. ಹೊಗೆ ನಮ್ಮಲ್ಲಿ, ಬಲ್ಬು ಅವರಲ್ಲಿ! ಯಾರ ಖಾತೆಗೆ ಬರೆಯೋದು ಅಂತ ಮೊದಲೇ ತೀರ್ಮಾನಿಸಬೇಕು. ಇನ್ನು ಉಕ್ಕು, ಸಿಮೆಂಟ್ ಕಾರ್ಖಾನೆಗಳು ಸುಡುವ ಕಲ್ಲಿದ್ದಲು ಈ ಲೆಕ್ಕದಲ್ಲಿ ಬರೋದಿಲ್ಲ.

ನಮಗೆ ಯಾಕೆ ಬೇಕು?

ಇದನ್ನೆಲ್ಲ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ನಮಗ ಕರೆಂಟ್ ಫ್ರೀ ಐತಲ್ಲ, ನಿನಗ್ಯಾಕ ಈ ಲೆಕ್ಕ?"

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ ಇಲ್ಲ, ನಿಜ. ಆದರೆ ಮಳೆ ಕೈಕೊಟ್ಟ ವರ್ಷ ಜಲಾಶಯ ಬರಿದಾಗುತ್ತೆ, ಜಲವಿದ್ಯುತ್ ಕಡಿಮೆ ಆಗುತ್ತೆ. ಅದೇ ವರ್ಷ ನಮ್ಮ ಮೋಟರ್ ಹೆಚ್ಚು ಓಡುತ್ತೆ. ಎರಡೂ ಸೇರಿ ಭಾರ ಕಲ್ಲಿದ್ದಲಿನ ಮೇಲೆ. ಆ ಹೊಗೆ ಭೂಮಿಯ ಬಿಸಿ ಏರಿಸಿದರೆ ಮಳೆ ಇನ್ನಷ್ಟು ಹದಗೆಡುತ್ತೆ. ಕೊನೆಗೆ ಬಿಲ್ ಬರೋದು ನಮ್ಮ ಹೊಲಕ್ಕೇ.

ಅಪ್ಪನ ಜೊತೆ ಕೂತು ನಮ್ಮ ಲೆಕ್ಕವನ್ನೂ ಹಾಕಿದೆ. 5 ಎಚ್‌ಪಿ ಮೋಟರ್ ಗಂಟೆಗೆ ಸುಮಾರು 4 ಯೂನಿಟ್ ಎಳೆಯುತ್ತೆ. ದಿನಕ್ಕೆ 7 ಗಂಟೆ, ವರ್ಷಕ್ಕೆ 150 ದಿನ ಅಂದ್ರೆ 4200 ಯೂನಿಟ್. ಗ್ರಿಡ್‌ನಲ್ಲಿ ಗಾಳಿ, ಸೋಲಾರ್, ನೀರು ಎಲ್ಲ ಸೇರಿರೋದರಿಂದ ದೇಶದ ಸರಾಸರಿ ಯೂನಿಟ್ಟಿಗೆ ಸುಮಾರು 0.72 ಕೆ.ಜಿ. ಹಾಗೆ ನೋಡಿದರೆ ನಮ್ಮೊಂದು ಮೋಟರಿನ ಪಾಲು 3 ಟನ್. ಅಪ್ಪ ಸುಮ್ಮನಾದರು.

ಈ ವಾರ ಮಾಡಬಹುದಾದ ಕೆಲಸ

- ಫುಟ್‌ವಾಲ್ವ್, ಪೈಪ್ ಸೋರಿಕೆ ನೋಡಿ. ನಾವು ಸರಿ ಮಾಡಿದ ಮೇಲೆ ದಿನಕ್ಕೆ ಒಂದು ಗಂಟೆ ಉಳಿಯಿತು. ವರ್ಷಕ್ಕೆ 600 ಯೂನಿಟ್, ನಾಲ್ಕು ಕ್ವಿಂಟಲ್‌ಗೂ ಹೆಚ್ಚು ಹೊಗೆ ಕಡಿಮೆ.
- ಮೋಟರ್ ಸುಟ್ಟರೆ ಮತ್ತೆ ಮತ್ತೆ ರೀವೈಂಡಿಂಗ್ ಮಾಡಿಸುವ ಬದಲು ಸ್ಟಾರ್ ಗುರುತಿನ ಪಂಪ್ ಬೆಲೆ ವಿಚಾರಿಸಿ.
- ಪಿಎಂ ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರ್‌ಗೆ ಸೋಲಾರ್ ಜೋಡಿಸಿ ಹಗಲು ಕರೆಂಟ್ ಕೊಡಲು ಅವಕಾಶ ಇದೆ. ನಿಮ್ಮ ಫೀಡರ್ ಪಟ್ಟಿಯಲ್ಲಿದೆಯಾ ಅಂತ ಎಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ಫೀಡರಿನ ರೈತರೆಲ್ಲ ಸೇರಿ ಅರ್ಜಿ ಕೊಡಿ.

ನಾವೂ ಹತ್ತು ಜನ ಸೇರಿ ಅರ್ಜಿ ಕೊಟ್ಟಿದ್ದೇವೆ, ಲೆಕ್ಕದ ಹಾಳೆಯನ್ನೂ ಜೊತೆಗಿಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿವರೆಗೆ ಅಪ್ಪನ ಕೈಗೆ ಒಂದು ಒಳ್ಳೆ ಬ್ಯಾಟರಿ, ಕಾಲಿಗೆ ಗಂಬೂಟು ಕೊಡಿಸಿದ್ದೀನಿ. ನೀವೂ ಇವತ್ತೇ ಕೊಡಿಸಿ.